ನೀರಿನ ಮೇಲೊಂದು ಬೆಳಕಿಂಡಿ

(ಬೆಳಗಾವಿಯ ಮಹಾಂತೇಶ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಗಳಲ್ಲಿ ನಾವು ವಚನ ಕೇಳಿದ್ದೇವೆ, ಶಾಸನ ಕೇಳಿದ್ದೇವೆ, ಗಡಿನಾಡಿನ ಕನ್ನಡದ ಸುಖದುಃಖ ಕೇಳಿದ್ದೇವೆ. ಕಟ್ಟಡ ಕಟ್ಟುವವನನ್ನು ಕರೆದು ಒಂದು ತಾಸು ಮಾತಾಡಿ ಎಂದವರು ಕಡಿಮೆ. ಆ ಧೈರ್ಯ ಮಾಡಿದ ಸಂಘಟಕರಿಗೆ ಮೊದಲ ಶರಣು. ನಾನು ಆರಿಸಿಕೊಂಡದ್ದು ಕಟ್ಟಡಶಾಸ್ತ್ರದ ಒಂದು ಸಣ್ಣ ಮೂಲೆಯನ್ನು. ಮಾಡು ಹೊದಿಸಿದ ಈಜುಕೊಳದೊಳಕ್ಕೆ ಹಗಲಿನ ಬೆಳಕನ್ನು ಎಲ್ಲಿಂದ ತರಬೇಕು, ಎಷ್ಟು ತರಬೇಕು, ಯಾರಿಗಾಗಿ ತರಬೇಕು ಎಂಬುದೇ ಇಂದಿನ ವಿಷಯ.

ಬೆಳಗಾವಿಗೆ ಈಜು ಹೊಸದಲ್ಲ. ಗೋವಾವೇಸ್‌ನಲ್ಲಿ ಈಜುಕೊಳ ಇದೆ. ಕೆಎಲ್‌ಇ ಸಂಸ್ಥೆಯ ಸುವರ್ಣ ಜೆಎನ್‌ಎಂಸಿ ಈಜುಕೊಳ ಒಲಿಂಪಿಕ್ ಅಳತೆಯದು. ಎಲುಬು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ ಇದ್ದೂ ಪ್ಯಾರಾ ಈಜಿನಲ್ಲಿ ಹೆಸರು ಮಾಡಿದ ಮೊಯಿನ್ ಜುನ್ನೇದಿ ಈ ಊರಿನ ಹುಡುಗ. ಆದರೆ ನಮ್ಮ ಮಳೆಗಾಲ ನಾಲ್ಕು ತಿಂಗಳದು. ಸಹ್ಯಾದ್ರಿಯ ಅಂಚಿನ ಖಾನಾಪುರ, ಕಣಕುಂಬಿಯ ಕಡೆ ಜೂನ್‌ನಲ್ಲಿ ಕವಿದ ಮೋಡ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್, ಜನವರಿಯ ನಸುಕಿನ ನೀರು ಮಕ್ಕಳನ್ನು ನಡುಗಿಸುತ್ತದೆ. ಈಜು ವರ್ಷವಿಡೀ ನಡೆಯಬೇಕಾದರೆ ಮಾಡು ಬೇಕೇ ಬೇಕು. ಮಂಗಳೂರಿನ ಎಮ್ಮೆಕೆರೆಯಲ್ಲಿ 2023ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳ ಶುರುವಾದ ಮೇಲೆ ಉಳಿದ ಊರುಗಳಿಗೂ ಅಂಥದೊಂದು ಬೇಕೆಂಬ ಆಸೆ ಬಂದಿದೆ. ಇಂದಲ್ಲ ನಾಳೆ ಬೆಳಗಾವಿಯ ಬಡಾವಣೆಗಳಲ್ಲೂ ಮಾಡು ಹೊದ್ದ ಕೊಳಗಳು ಏಳುತ್ತವೆ. ಎದ್ದ ಮೇಲೆ ಗೋಡೆ ಒಡೆದು ಕಿಟಕಿ ಇಡುವುದಕ್ಕಿಂತ, ನಕ್ಷೆ ಕಾಗದದ ಮೇಲಿರುವಾಗಲೇ ಬೆಳಕಿನ ಲೆಕ್ಕ ಹಾಕುವುದು ಲೇಸು.

ನಾನು ಹೇಳಬೇಕೆಂದಿರುವುದು ಇಷ್ಟೇ. ಈಜುಕೊಳದ ಬೆಳಕು ಈಜುವವನಿಗಿಂತ ಮೊದಲು ಕಾಯುವವನಿಗೆ ಒದಗಬೇಕು. ಕಟ್ಟೆಯ ಮೇಲೆ ನಿಂತ ಕೋಚ್, ಲೈಫ್‌ಗಾರ್ಡ್, ಮಗುವಿನ ತಾಯಿ, ಇವರ ಕಣ್ಣಿಗೆ ಕೊಳದ ತಳ ಕಾಣಬೇಕು. ಈ ಒಂದು ಮಾತನ್ನು ಹಿಡಿದು ಹೊರಟರೆ ಕಿಟಕಿ ಎಲ್ಲಿರಬೇಕು, ಗಾಜು ಯಾವ ದಿಕ್ಕಿಗೆ ನೋಡಬೇಕು, ಕೊಳ ಯಾವ ಕಡೆಗೆ ಉದ್ದ ಚಾಚಬೇಕು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನೀರು ಬೆಳಕನ್ನು ಏನು ಮಾಡುತ್ತದೆ

ನೀರು ಅರ್ಧ ಗಾಜು, ಅರ್ಧ ಕನ್ನಡಿ. ಯಾವಾಗ ಗಾಜು, ಯಾವಾಗ ಕನ್ನಡಿ ಎಂಬುದು ಬೆಳಕು ಬೀಳುವ ಓರೆಯನ್ನು ಅವಲಂಬಿಸಿದೆ. ನೆತ್ತಿಯ ಮೇಲಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಮೇಲ್ಮೈಯಿಂದ ಹಿಂದಿರುಗುತ್ತದೆ. ಉಳಿದ 98 ಪಾಲು ಒಳಗೆ ಇಳಿದು ತಳದ ಟೈಲ್ಸನ್ನು ಬೆಳಗುತ್ತದೆ. ಅದೇ ಬೆಳಕು ದಿಗಂತದಿಂದ 10 ಡಿಗ್ರಿಯಷ್ಟೇ ಮೇಲಿನಿಂದ ಓರೆಯಾಗಿ ಬಂದರೆ ಮೂರನೇ ಒಂದು ಪಾಲಿಗೂ ಹೆಚ್ಚು ಹಿಂದಕ್ಕೆ ಚಿಮ್ಮುತ್ತದೆ. ಅದು ತಳವನ್ನು ಬೆಳಗುವುದಿಲ್ಲ, ನೋಡುವವನ ಕಣ್ಣು ಕುಕ್ಕುತ್ತದೆ.

ಈಗ ನೋಡುವವನ ಕಡೆಯಿಂದ ಲೆಕ್ಕ ಹಾಕೋಣ. ಕೊಳದ ಅಂಚಿನಲ್ಲಿ ಒಬ್ಬ ಲೈಫ್‌ಗಾರ್ಡ್ ನಿಂತಿದ್ದಾನೆ. ಅವನ ಕಣ್ಣು ನೀರಿಗಿಂತ 1.6 ಮೀಟರ್ ಮೇಲಿದೆ. ಹತ್ತು ಮೀಟರ್ ದೂರದ ನೀರನ್ನು ನೋಡುವಾಗ ಅವನ ದೃಷ್ಟಿ ನೀರಿನೊಂದಿಗೆ ಮಾಡುವ ಕೋನ ಸುಮಾರು 9 ಡಿಗ್ರಿ. ಆ ಓರೆಯಲ್ಲಿ ನೀರು ಎದುರು ಗೋಡೆಯ ಬೆಳಕಿನ ನೂರಕ್ಕೆ 38 ಪಾಲನ್ನು ಅವನ ಕಣ್ಣಿಗೆ ತಿರುಗಿಸುತ್ತದೆ. ಎದುರು ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ ಇದ್ದು ಅದರಾಚೆ ಬಯಲು ಆಕಾಶವಿದ್ದರೆ ಅವನಿಗೆ ಕಾಣುವುದು ನೀರಿನ ಮೇಲೆ ಹಾಸಿದ ಬಿಳಿ ಪರದೆ. ಪರದೆಯಡಿ, ಎರಡು ಮೀಟರ್ ಆಳದಲ್ಲಿ ಒಂದು ಮಗು ಅಲುಗಾಡದೆ ಮಲಗಿದ್ದರೂ ಅವನಿಗೆ ತಿಳಿಯುವುದಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಬಹಳ ಸಲ ಸದ್ದಿಲ್ಲದೆ ತಳ ಸೇರುತ್ತಾರೆ. ಆದ್ದರಿಂದ ತಳ ಕಾಣದ ಕೊಳಕ್ಕೆ ಎಷ್ಟು ಜನ ಕಾವಲಿದ್ದರೂ ಕಾವಲಿಲ್ಲದ ಲೆಕ್ಕವೇ.

ಅದೇ ಲೈಫ್‌ಗಾರ್ಡನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಕಣ್ಣನ್ನು ನೀರಿಗಿಂತ ಮೂರು ಮೀಟರ್ ಮೇಲಕ್ಕೆ ತಂದರೆ ದೃಷ್ಟಿಕೋನ ಸುಮಾರು 17 ಡಿಗ್ರಿ ಆಗುತ್ತದೆ. ತಿರುಗಿ ಬರುವ ಬೆಳಕು ನೂರಕ್ಕೆ 18ಕ್ಕೆ ಇಳಿಯುತ್ತದೆ. ಒಂದು ಕುರ್ಚಿಯ ಖರ್ಚಿನಲ್ಲಿ ಕುಕ್ಕು ಅರ್ಧಕ್ಕರ್ಧ ತಗ್ಗಿತು. ಮತ್ತೂ ಒಂದು ಮಾತಿದೆ. ಅವನು ಕಾಲಬುಡದ ನೀರನ್ನು, ಮೂರು ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ನೋಡುವಾಗ ನೀರಿನಲ್ಲಿ ಪ್ರತಿಫಲಿಸುವುದು ಛಾವಣಿ. ಆದರೆ ಆ ಕೋನದಲ್ಲಿ ಪ್ರತಿಫಲನ ನೂರಕ್ಕೆ ಮೂರು ಪಾಲೂ ಇಲ್ಲ. ಅಂದರೆ ಛಾವಣಿಯಲ್ಲಿರುವ ಬೆಳಕಿಂಡಿ ನೀರಿನಲ್ಲಿ ಅಷ್ಟಾಗಿ ಕುಕ್ಕುವುದಿಲ್ಲ, ಎದುರು ಗೋಡೆಯ ಕೆಳಭಾಗದ ಕಿಟಕಿ ಕುಕ್ಕುತ್ತದೆ. ಬೆಳಕು ಮೇಲಿಂದ ಬಂದರೆ ತಳವನ್ನು ಬೆಳಗುತ್ತದೆ, ಪಕ್ಕದಿಂದ ಬಂದರೆ ತಳವನ್ನು ಮುಚ್ಚುತ್ತದೆ. ಇಡೀ ಉಪನ್ಯಾಸದ ತಿರುಳು ಈ ಲೆಕ್ಕದಲ್ಲಿದೆ.

ನಮ್ಮ ಹಿರಿಯರು ಮಾಡಿದ್ದು

ಇದನ್ನು ಮೊದಲು ಕಂಡವರು ನಾವೇನೂ ಅಲ್ಲ. ಬೆಳಗಾವಿಯಿಂದ ಹೆಚ್ಚು ಕಡಿಮೆ ನೇರ ಪೂರ್ವಕ್ಕೆ, ಅರ್ಧ ಡಿಗ್ರಿಯಷ್ಟೇ ತೆಂಕಣ ಅಕ್ಷಾಂಶದಲ್ಲಿ ಹಂಪಿ ಇದೆ. ಅಲ್ಲಿ ರಾಣಿಯ ಸ್ನಾನಗೃಹ ಎಂದು ಕರೆಯುವ ಕಟ್ಟಡವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಹೊರಗಿನಿಂದ ಅದು ಬೋಳು ಗೋಡೆಯ ಚೌಕ. ಸುತ್ತ ನೀರಿನ ಕಂದಕ. ಒಳಗೆ ಹೋದರೆ ಸುಮಾರು 15 ಮೀಟರ್ ಚೌಕದ, 1.8 ಮೀಟರ್ ಆಳದ ಕೊಳ. ಸುತ್ತಲೂ ಕಮಾನುಗಳ ಪಡಸಾಲೆ, ಪ್ರತಿ ಅಂಕಣಕ್ಕೂ ಬೇರೆ ಬೇರೆ ಗಾರೆ ಕೆಲಸದ ಗುಮ್ಮಟ, ನೀರಿನ ಮೇಲೆ ಚಾಚಿದ ಮುಖಮಂಟಪಗಳು. ಕೊಳದ ನೆತ್ತಿ ಇಂದು ಬಯಲಾಗಿದೆ.

ಪ್ರವಾಸಿಗರು ಗಾರೆಯ ಕುಸುರಿ ನೋಡುತ್ತಾರೆ, ನಾನು ಬೆಳಕನ್ನು ನೋಡಿ ಎನ್ನುತ್ತೇನೆ. ಬಿಸಿಲು ನೆತ್ತಿಯಿಂದ ಕೊಳಕ್ಕೆ ಇಳಿಯುತ್ತದೆ. ನೋಡುವವನು ನೆರಳಿನ ಪಡಸಾಲೆಯಲ್ಲಿ ನಿಂತಿರುತ್ತಾನೆ. ಅವನ ಎದುರಿಗೆ ಇರುವುದೂ ನೆರಳಿನ ಪಡಸಾಲೆಯೇ. ಹೊರಗೋಡೆ ಬೋಳಾದ್ದರಿಂದ ಕಣ್ಣಿನ ಮಟ್ಟದಲ್ಲಿ ಬಯಲಿನ ಬೆಳಕು ನುಗ್ಗುವುದು ಕಡಿಮೆ. ಹೀಗಾಗಿ ತುಂಬಿದ ನೀರಿನಲ್ಲಿ ಪ್ರತಿಫಲಿಸುವುದು ಎದುರಿನ ಮಬ್ಬು, ಆಕಾಶವಲ್ಲ. ಮಬ್ಬು ಪ್ರತಿಫಲಿಸಿದ ಕಡೆ ನೀರು ತಿಳಿಯಾಗಿ ತಳ ತೋರಿಸುತ್ತದೆ. ಕಟ್ಟಿದವರ ಮನಸ್ಸಿನಲ್ಲಿ ಇದೇ ಇತ್ತು ಎಂದು ನಾನು ವಾದಿಸುವುದಿಲ್ಲ. ಅವರಿಗೆ ಬೇಕಾದದ್ದು ಏಕಾಂತವೂ ತಂಪೂ ಇರಬಹುದು. ಆದರೆ ಏಕಾಂತಕ್ಕೆಂದು ಗೋಡೆ ಮುಚ್ಚಿ ನೆತ್ತಿ ತೆರೆದದ್ದು ಬೆಳಕಿನ ಲೆಕ್ಕಕ್ಕೂ ಸರಿಹೋಯಿತು.

ಇನ್ನು ಹತ್ತಿರಕ್ಕೆ ಬರೋಣ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆಗೆ ಕಿಟಕಿ ಕಡಿಮೆ, ಮಾಳಿಗೆಗೆ ಬೆಳಕಿಂಡಿ ಇರುತ್ತಿತ್ತು. ಅಡುಗೆಮನೆಯ ಒಲೆಯ ಮೇಲೆ, ಬಚ್ಚಲ ಹಂಡೆಯ ಮೇಲೆ ಒಂದು ಗೇಣು ಚೌಕದ ಕಿಂಡಿ. ಮಳೆ ಬಂದರೆ ಮುಚ್ಚಳ. ಖಾನಾಪುರದ ಕಡೆ ಮಳೆ ಹೆಚ್ಚಾದ್ದರಿಂದ ಅಲ್ಲಿ ಹಂಚಿನ ಮಾಡು. ಖಾನಾಪುರದ ಕೆಂಪು ಜೇಡಿ ಹಂಚಿಗೂ ಕುಂಬಾರಿಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಅಲ್ಲಿ ನೆಲೆಯಾದದ್ದೂ ಆ ಮಣ್ಣಿನ ದೆಸೆಯಿಂದ. ಹಂಚಿನ ಸಾಲಿನ ನಡುವೆ ಒಂದೋ ಎರಡೋ ಗಾಜಿನ ಹಂಚು ಕೂರಿಸಿದರೆ ಒಳಕೋಣೆ ಬೆಳಗುತ್ತಿತ್ತು. ಅಳತೆಯೂ ಆಕಾರವೂ ಉಳಿದ ಹಂಚಿನದೇ ಆದ್ದರಿಂದ ಸೋರುವ ಭಯವಿಲ್ಲ, ಒಡೆದರೆ ಒಂದನ್ನೇ ಬದಲಿಸಬಹುದು. ಇಂದಿನ ಸ್ಕೈಲೈಟ್ ಕಂಪನಿಗಳು ಕೊಡುವ ಭರವಸೆಗಳಲ್ಲಿ ಈ ಎರಡು ಗುಣಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಕಿತ್ತೂರಿನ ಕೋಟೆಯಲ್ಲಿ ಅರಮನೆಯ ಅವಶೇಷದ ನಡುವೆ ಧ್ರುವತಾರೆ ನೋಡುವ ಕಿಂಡಿಯನ್ನು ಮಾರ್ಗದರ್ಶಿಗಳು ತೋರಿಸುತ್ತಾರೆ. ಧ್ರುವತಾರೆ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಅಂದರೆ ಆ ಕಿಂಡಿಯ ಓರೆಯಲ್ಲೇ ಊರಿನ ಅಕ್ಷಾಂಶ ಮೂಡಿದೆ. ಬೆಳಕಿನ ವಿನ್ಯಾಸ ಶುರುವಾಗುವುದೂ ಈ ಅಕ್ಷಾಂಶದಿಂದಲೇ.

ಹೊರನಾಡಿನ ಪಾಠ

ಕೊಳದ ಬೆಳಕಿನ ಚರ್ಚೆ ಎರಡು ಸಾವಿರ ವರ್ಷದಷ್ಟು ಹಳೆಯದು. ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಬಿಸಿ ಸ್ನಾನದ ಕೋಣೆಗಳಿಗೆ ಚಳಿಗಾಲದ ಪಡುವಣ ಸೂರ್ಯನ ಕಡೆಯಿಂದ ಬೆಳಕು ಬರಲಿ ಎಂದ, ಏಕೆಂದರೆ ಅವರ ಸ್ನಾನದ ಹೊತ್ತು ಮಧ್ಯಾಹ್ನದಿಂದ ಸಂಜೆ. ತತ್ತ್ವಜ್ಞಾನಿ ಸೆನೆಕಾ ಹಿಂದಿನ ಸೇನಾನಿ ಸಿಪಿಯೋನ ಸ್ನಾನಗೃಹದ ಇಕ್ಕಟ್ಟು ಕಿಂಡಿಗಳನ್ನು ಕಂಡು, ದಿನವಿಡೀ ಬಿಸಿಲು ಬೀಳುವ ದೊಡ್ಡ ಕಿಟಕಿ ಇಲ್ಲದಿದ್ದರೆ ಸ್ನಾನವೇ ಅಲ್ಲ ಎನ್ನುವ ತನ್ನ ಕಾಲದವರ ಷೋಕಿಯನ್ನು ಟೀಕಿಸಿದ. ಇಬ್ಬರ ಮಾತಿನಿಂದ ನಾನು ಎತ್ತಿಕೊಳ್ಳುವುದು ಒಂದನ್ನೇ: ಯಾವ ಹೊತ್ತಿನಲ್ಲಿ ಜನ ನೀರಿಗಿಳಿಯುತ್ತಾರೆ ಎಂಬುದನ್ನು ಮೊದಲು ಕೇಳು, ಆಮೇಲೆ ಕಿಟಕಿ ಇಡು.

ಆಧುನಿಕ ಉದಾಹರಣೆಗಳಲ್ಲಿ 1964ರ ಟೋಕಿಯೋ ಒಲಿಂಪಿಕ್ಸ್‌ಗಾಗಿ ಕೆಂಜೊ ಟಾಂಗೆ ಕಟ್ಟಿದ ಯೊಯೊಗಿ ಕ್ರೀಡಾಂಗಣ ಇಂದಿಗೂ ಪಾಠವೇ. ಅದರಲ್ಲಿ ನಡೆದದ್ದು ಈಜು ಸ್ಪರ್ಧೆ. ಎರಡು ಕಾಂಕ್ರೀಟ್ ಕಂಬಗಳ ನಡುವೆ ಉಕ್ಕಿನ ಹಗ್ಗಗಳನ್ನು ಬಿಗಿದು ಮಾಡನ್ನು ತೂಗಿಬಿಟ್ಟಿದ್ದಾರೆ. ಆ ಹಗ್ಗಗಳ ನಡುವಿನ ಬೆನ್ನಿನ ಉದ್ದಕ್ಕೂ ಗಾಜಿನ ಪಟ್ಟಿ, ಅಲ್ಲಿಂದ ಬೆಳಕು ಇಳಿಯುತ್ತದೆ. 2008ರ ಬೀಜಿಂಗಿನ ವಾಟರ್ ಕ್ಯೂಬ್‌ಗೆ ಗಾಜೇ ಇಲ್ಲ, ಇಟಿಎಫ್‌ಇ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ಗಾಳಿ ತುಂಬಿದ ದಿಂಬುಗಳು. ಬೆಳಕನ್ನೂ ಬಿಸಿಲಿನ ಶಾಖವನ್ನೂ ಒಳಗೆ ಹಿಡಿದು ಕೊಳದ ನೀರು ಬೆಚ್ಚಗಿಡುವುದು ಅದರ ಯುಕ್ತಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಜಾಹಾ ಹದೀದ್ ರೂಪಿಸಿದ ಈಜು ಕೇಂದ್ರದ ಕಥೆ ಇನ್ನೂ ಸ್ವಾರಸ್ಯದ್ದು. ಕ್ರೀಡಾಕೂಟದ ವೇಳೆ ಎರಡೂ ಪಕ್ಕಕ್ಕೆ ತಾತ್ಕಾಲಿಕ ಗ್ಯಾಲರಿಗಳಿದ್ದವು. ಕೂಟ ಮುಗಿದ ಮೇಲೆ ಅವನ್ನು ಕಳಚಿ ಆ ಜಾಗಕ್ಕೆ ಗಾಜಿನ ಗೋಡೆ ಕಟ್ಟಿದರು. ಟಿವಿ ಕ್ಯಾಮೆರಾಕ್ಕೆ ಅಲುಗದ ದೀಪದ ಬೆಳಕು ಬೇಕು, ಊರಿನ ಮಕ್ಕಳಿಗೆ ಹಗಲು ಬೇಕು.

ಆದರೆ ಲಂಡನ್ ಮಾದರಿಯನ್ನು ಹಾಗೇ ಎತ್ತಿ ಇಲ್ಲಿ ಇಳಿಸಿದರೆ ಕೆಟ್ಟೆವು. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಿಗಂತದಿಂದ 15 ಡಿಗ್ರಿ ಮಾತ್ರ ಮೇಲೇರುತ್ತಾನೆ, ಅದೂ ಮೋಡದ ಮರೆಯಲ್ಲಿ. ಅವರಿಗೆ ಸಿಕ್ಕಷ್ಟು ಆಕಾಶವನ್ನು ಬಾಚಿಕೊಳ್ಳುವ ಅವಸರ. ಬೆಳಗಾವಿಯಲ್ಲಿ ಅದೇ ದಿನ ಸೂರ್ಯ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ನಮಗೆ ಬೆಳಕಿನ ಬರವಿಲ್ಲ. ಇರುವ ಬೆಳಕಿನಲ್ಲಿ ಯಾವುದನ್ನು ಬಿಟ್ಟುಕೊಳ್ಳಬೇಕು, ಯಾವುದನ್ನು ತಡೆಯಬೇಕು ಎಂಬುದೇ ನಮ್ಮ ಪ್ರಶ್ನೆ.

ಬೆಳಗಾವಿಯ ಸೂರ್ಯ, ಬೆಳಗಾವಿಯ ಗಡಿಯಾರ

ನಮ್ಮ ಊರು ಉತ್ತರ ಅಕ್ಷಾಂಶ ಸುಮಾರು 15.85 ಡಿಗ್ರಿಯಲ್ಲಿದೆ. ಕರ್ಕಾಟಕ ವೃತ್ತಕ್ಕಿಂತ ಕೆಳಗಿರುವುದರಿಂದ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ, ಸೂರ್ಯ ನಡುಹಗಲಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ಮೂರು ತಿಂಗಳು ನಡುಹಗಲ ಸೂರ್ಯ ನಮಗೆ ಬಡಗಣ ದಿಕ್ಕಿನಲ್ಲಿರುತ್ತಾನೆ. ಪಠ್ಯಪುಸ್ತಕದಲ್ಲಿ ಬಡಗಣ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಎಂದು ಬರೆದಿರುತ್ತದೆ. ಅದು ನಡುಹಗಲ ಮಟ್ಟಿಗೆ ದೆಹಲಿಯ ಉತ್ತರಕ್ಕೆ, ಯೂರೋಪಿಗೆ ಒಪ್ಪುವ ಮಾತು. ನಮ್ಮಲ್ಲಿ ಬಡಗಣ ಗಾಜಿಗೂ ಸಣ್ಣದೊಂದು ಚಾಚು ಬೇಕು. ಸಣ್ಣದೆಂದರೆ ಎಷ್ಟು? ಜೂನ್ 21ರ ನಡುಹಗಲು ಸೂರ್ಯನ ಎತ್ತರ 82 ಡಿಗ್ರಿ. ಒಂದು ಮೀಟರ್ ಎತ್ತರದ ಗಾಜಿಗೆ 13 ಸೆಂಟಿಮೀಟರ್ ಚಾಚು ಸಾಕು. ಬೆಳಿಗ್ಗೆ, ಸಂಜೆ ಈಶಾನ್ಯ, ವಾಯವ್ಯದಿಂದ ಓರೆಯಾಗಿ ನುಸುಳುವ ಬಿಸಿಲಿಗೆ ಲಂಬವಾದ ಕೆಲವು ಪಟ್ಟಿಗಳನ್ನು ನಿಲ್ಲಿಸಿದರೆ ಸರಿ.

ಗಡಿಯಾರದ ಮಾತು ಇನ್ನೂ ಮುಖ್ಯ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಸುಮಾರು 74.5ರಲ್ಲಿ. ಎಂಟು ಡಿಗ್ರಿಗೆ 32 ನಿಮಿಷದ ವ್ಯತ್ಯಾಸ. ಹೀಗಾಗಿ ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಗಡಿಯಾರ ಏಳು ದಾಟುತ್ತಿರುತ್ತದೆ. ಜೂನ್‌ನಲ್ಲಿ ಆರರ ಸುಮಾರಿಗೆ. ನಮ್ಮ ಮಕ್ಕಳು ಈಜಲು ಬರುವುದು ಯಾವಾಗ? ಶಾಲೆಗೆ ಮುಂಚೆ, ನಸುಕಿನ ಐದೂವರೆಯಿಂದ ಎಂಟರೊಳಗೆ. ಮತ್ತೆ ಶಾಲೆ ಬಿಟ್ಟ ಮೇಲೆ, ಸಂಜೆ ನಾಲ್ಕರಿಂದ ಏಳು. ಅಂದರೆ ಕೊಳದಲ್ಲಿ ಜನ ತುಂಬಿರುವ ಹೊತ್ತಿನಲ್ಲಿ ಸೂರ್ಯ ಒಂದೋ ಹುಟ್ಟಿರುವುದಿಲ್ಲ, ಇಲ್ಲವೇ ಮೂಡಣ ಅಥವಾ ಪಡುವಣದಲ್ಲಿ ತಗ್ಗಿನಲ್ಲಿರುತ್ತಾನೆ. ನೀರನ್ನು ಕನ್ನಡಿ ಮಾಡುವ ಬಿಸಿಲು ಸರಿಯಾಗಿ ಅದೇ.

ಇದರಿಂದ ಎರಡು ತೀರ್ಮಾನ ಹೊರಡುತ್ತವೆ. ಮೊದಲನೆಯದು, ಹಗಲಿನ ಬೆಳಕು ಬಂತೆಂದು ದೀಪದ ಖರ್ಚು ಪೂರ್ತಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಳಿಗಾಲದ ಬೆಳಗಿನ ತರಗತಿಗೆ ದೀಪ ಬೇಕೇ ಬೇಕು. ಉಳಿತಾಯ ಇರುವುದು ಎಂಟರಿಂದ ಸಂಜೆ ಐದೂವರೆಯವರೆಗೆ, ಶಾಲಾ ತಂಡ, ಹಿರಿಯರು, ಹೆಣ್ಣುಮಕ್ಕಳ ಪ್ರತ್ಯೇಕ ತರಗತಿ ನಡೆಯುವ ಹೊತ್ತಿನಲ್ಲಿ. ಎರಡನೆಯದು, ಮೂಡಣ ಮತ್ತು ಪಡುವಣ ಗೋಡೆಗಳಲ್ಲಿ ಕಣ್ಣಿನ ಮಟ್ಟಕ್ಕೆ ಗಾಜು ಬೇಡ. ಚೆಂದದ ನೋಟಕ್ಕಾಗಿ ಆರ್ಕಿಟೆಕ್ಟ್ ಎಷ್ಟೇ ಆಸೆಪಟ್ಟರೂ ಬೇಡ.

ಎಷ್ಟು ಬೆಳಕು?

ರಾಷ್ಟ್ರೀಯ ಕಟ್ಟಡ ಸಂಹಿತೆ ನಮ್ಮ ದೇಶದ ಆಕಾಶಕ್ಕೆ 8,000 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಎಂಬ ಒಂದು ವಿನ್ಯಾಸದ ಅಳತೆ ಇಟ್ಟುಕೊಂಡಿದೆ. ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿದ್ದಾಗಿನ ತಿಳಿಯಾಕಾಶದ ಬೆಳಕು ಅದು, ನೇರ ಬಿಸಿಲು ಅದರಲ್ಲಿ ಸೇರಿಲ್ಲ. ಹೊರಗಿನ ಬೆಳಕಿನ ನೂರರಲ್ಲಿ ಒಂದು ಪಾಲು ಒಳಗೆ ಬಂದರೆ 80 ಲಕ್ಸ್. ದಿನನಿತ್ಯದ ಈಜಿಗೆ ಸುಮಾರು 300 ಲಕ್ಸ್ ಇದ್ದರೆ ತಳ ಚೆನ್ನಾಗಿ ಕಾಣುತ್ತದೆ. ಅಂದರೆ ನೂರಕ್ಕೆ ನಾಲ್ಕು ಪಾಲು. ಸ್ಪರ್ಧೆಯ ಲೆಕ್ಕ ಬೇರೆ. ಅಂತರರಾಷ್ಟ್ರೀಯ ಈಜು ನಿಯಮದ ಪ್ರಕಾರ ನೀರಿಗೆ ಜಿಗಿಯುವ ಮತ್ತು ತಿರುಗುವ ತುದಿಗಳಲ್ಲಿ 600 ಲಕ್ಸ್, ಒಲಿಂಪಿಕ್ ಮಟ್ಟಕ್ಕೆ ಇಡೀ ಕೊಳದ ಮೇಲೆ 1,500 ಲಕ್ಸ್ ಬೇಕು. ಅದನ್ನು ದೀಪಕ್ಕೆ ಬಿಡೋಣ. ವರ್ಷದಲ್ಲಿ ನಾಲ್ಕು ದಿನ ನಡೆಯುವ ಪಂದ್ಯಕ್ಕಾಗಿ ಉಳಿದ ದಿನಗಳ ಮಾಡನ್ನು ಕೆಡಿಸಬಾರದು.

ಈ ನಾಲ್ಕು ಪಾಲನ್ನು ತರುವುದು ಹೇಗೆ? ಮಾಡಿನಲ್ಲಿ ಮಲಗಿಸಿದ ಗಾಜಾದರೆ ನೆಲದ ಹತ್ತನೇ ಒಂದರಷ್ಟು ಸಾಕಾಗುತ್ತದೆ. ಆದರೆ ಮಲಗಿದ ಗಾಜಿಗೆ ಏಪ್ರಿಲ್, ಮೇ ತಿಂಗಳ ನಡುಹಗಲ ಬಿಸಿಲು ನೇರ ಬೀಳುತ್ತದೆ. ನೀರಿನ ಮೇಲೆ ಒಂದು ಕಡೆ ಹತ್ತಾರು ಸಾವಿರ ಲಕ್ಸಿನ ಬಿಸಿಲಕೋಲು, ಪಕ್ಕದಲ್ಲಿ 300 ಲಕ್ಸಿನ ನೆರಳು ಇದ್ದರೆ ಕಣ್ಣಿಗೆ ನೆರಳಿನ ಭಾಗ ಕತ್ತಲೇ. ಮೇಲಾಗಿ ಅದೇ ಗಾಜಿನ ಮೇಲೆ ಮುಂಗಾರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಮೂರನೇ ವರ್ಷಕ್ಕೆ ಸೋರುತ್ತದೆ.

ಆದ್ದರಿಂದ ನಾನು ಸೂಚಿಸುವುದು ಹಳೆಯ ಬಟ್ಟೆ ಗಿರಣಿಗಳ ಗರಗಸದ ಹಲ್ಲಿನಂಥ ಮಾಡು. ಒಂದು ಉದಾಹರಣೆ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಬಡಾವಣೆಗೆ 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳ ಸಾಕು. ಸುತ್ತ ಕಟ್ಟೆ ಸೇರಿ ಹಾಲ್ 33 ಮೀಟರ್ ಉದ್ದ, 20 ಮೀಟರ್ ಅಗಲ. ಕೊಳವನ್ನು ಮೂಡಣ ಪಡುವಣವಾಗಿ ಉದ್ದಕ್ಕೆ ಚಾಚಿ. ಆಗ ತಗ್ಗಿನ ಬಿಸಿಲು ಬಡಿಯುವ ಎರಡು ಗೋಡೆಗಳು ಗಿಡ್ಡವಾಗುತ್ತವೆ, ಅವನ್ನು ಮುಚ್ಚಿಬಿಡಿ. 20 ಮೀಟರ್ ಅಗಲಕ್ಕೆ ನಾಲ್ಕು ನಾಲ್ಕು ಮೀಟರಿನ ಐದು ಹಲ್ಲುಗಳು. ಪ್ರತಿ ಹಲ್ಲಿನ ತೆಂಕಣ ಇಳಿಜಾರು 16 ಡಿಗ್ರಿ, ಬಡಗಣಕ್ಕೆ ಲಂಬವಾದ ಗಾಜು. ಲೆಕ್ಕ ಹಾಕಿದರೆ ಗಾಜಿನ ಎತ್ತರ 1.15 ಮೀಟರ್ ಬರುತ್ತದೆ. ಮಲಗಿದ ಗಾಜಿಗಿಂತ ಇದಕ್ಕೆ ಎರಡೂವರೆ, ಮೂರು ಪಟ್ಟು ಗಾಜು ಬೇಕು, ಅದು ನಿಜ. ಆದರೆ ಒಳಗೆ ಸಿಗುವುದು ನೂರಕ್ಕೆ ಮೂರರಿಂದ ನಾಲ್ಕು ಪಾಲು, ದಿನವಿಡೀ ಹದವಾದ, ನೆರಳು ಕಡಿಯದ ಬೆಳಕು.

16 ಡಿಗ್ರಿಯೇ ಯಾಕೆ? ಸೋಲಾರ್ ಫಲಕಗಳನ್ನು ತೆಂಕಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿ ಇಡಬೇಕೆಂಬುದು ರೂಢಿ. ನಮ್ಮ ಅಕ್ಷಾಂಶ ಅಷ್ಟೇ. ಹೀಗೆ ಮಾಡಿನ ತೆಂಕಣ ಮುಖ ಶಾಖವನ್ನೂ ವಿದ್ಯುತ್ತನ್ನೂ ದುಡಿಯುತ್ತದೆ, ಬಡಗಣ ಮುಖ ಬೆಳಕನ್ನು ತರುತ್ತದೆ. ಚಳಿಗಾಲದ ನಡುಹಗಲು ಮುಂದಿನ ಹಲ್ಲಿನ ನೆರಳು ಹಿಂದಿನದರ ಕೆಳಗಿನ ಮುಕ್ಕಾಲು ಮೀಟರಿನಷ್ಟು ಪಟ್ಟಿಯ ಮೇಲೆ ಬೀಳುತ್ತದೆ. ಅಷ್ಟನ್ನು ಬಿಟ್ಟು ಮೇಲೆ ಫಲಕ ಕೂರಿಸಬೇಕು. ಬಿಟ್ಟ ಪಟ್ಟಿಗೆ ಬಿಳಿ ಬಣ್ಣ ಹೊಡೆದರೆ ಅದೂ ಗಾಜಿನೊಳಕ್ಕೆ ಬೆಳಕು ಎಸೆಯುತ್ತದೆ. ನಮ್ಮ ಮುಂಗಾರು ಬೀಸುವುದು ಪಡುವಣ, ನೈಋತ್ಯದಿಂದ. ಬಡಗಣಕ್ಕೆ ನಿಂತ ಗಾಜಿಗೆ ಅದರ ಏಟು ಕಡಿಮೆ. ಆದರೆ ಹಲ್ಲುಗಳ ನಡುವಿನ ದೋಣಿಯನ್ನು ಮಾತ್ರ ಜಿಪುಣತನ ಮಾಡದೆ ಅಗಲವಾಗಿ ಕಟ್ಟಿ, ಜೂನ್‌ಗೆ ಮುಂಚೆ ಎಲೆ ಕಸ ತೆಗೆಸಿ.

ಲೈಫ್‌ಗಾರ್ಡ್ ಕುರ್ಚಿ ಬಡಗಣ ಕಟ್ಟೆಯ ಮೇಲೆ, ಮುಖ ತೆಂಕಣಕ್ಕೆ. ಆಗ ಗಾಜಿನ ಬೆಳಕೆಲ್ಲ ಅವನ ಬೆನ್ನ ಕಡೆಯಿಂದ ಬರುತ್ತದೆ. ಎದುರಿನ ತೆಂಕಣ ಗೋಡೆಯ ಕೆಳಗಿನ ಮೂರು ಮೀಟರಿಗೆ ಕಿಟಕಿ ಇಲ್ಲ, ಹೊಳಪಿಲ್ಲದ ಮಂದ ಬಣ್ಣ. ತಳಕ್ಕೆ ತಿಳಿ ಬಣ್ಣದ ಟೈಲ್ಸ್, ಅದರ ಮೇಲೆ ಲೇನಿನ ಕಡುಗಪ್ಪು ಪಟ್ಟಿ. ಈ ಮಾಡಿನಿಂದ ಈಜುಗಾರರಿಗೂ ಒಂದು ಲಾಭವಿದೆ. ಬೆನ್ನಮೇಲೆ ಈಜುವವನಿಗೆ ತಳದ ಪಟ್ಟಿ ಕಾಣುವುದಿಲ್ಲ. ಅವನು ಮಾಡನ್ನೇ ನೋಡಿ ದಾರಿ ಹಿಡಿಯಬೇಕು. ಗೋಡೆಗೆ ಐದು ಮೀಟರ್ ಇದೆ ಎಂದು ಹೇಳುವುದು ಅಡ್ಡಕ್ಕೆ ಕಟ್ಟಿದ ಬಾವುಟಗಳು, ಅದಕ್ಕೆ ಮೊದಲು ನೇರ ಹೋಗುವುದು ಅವನ ಕಣ್ಣಿನ ಹೊಣೆ. ಬೆಂಗಳೂರಿನ ಶ್ರೀಹರಿ ನಟರಾಜ್ ಎರಡು ಒಲಿಂಪಿಕ್ಸ್ ಕಂಡದ್ದು ಬೆನ್ನೀಜಿನಿಂದಲೇ ಹೆಸರಾಗಿ. ನಮ್ಮ ಮಾಡಿನಲ್ಲಿ ಗಾಜಿನ ಸಾಲುಗಳು ಲೇನಿಗೆ ಸಮಾನಾಂತರವಾಗಿರುತ್ತವೆ. ಮಗು ಆ ಬೆಳಕಿನ ಗೆರೆ ಹಿಡಿದು ನೆಟ್ಟಗೆ ಈಜಬಹುದು.

ಗಾಜು, ಹಬೆ, ಕ್ಲೋರಿನ್

ಕೊಳದ ಮಾಡು ಬೇರೆ ಮಾಡುಗಳಂತಲ್ಲ. ಕಾಯಿಸಿದ ಕೊಳದ ಹಾಲ್‌ನೊಳಗೆ ಗಾಳಿ 29 ಡಿಗ್ರಿ, ತೇವಾಂಶ ನೂರಕ್ಕೆ 60 ಇದ್ದರೆ, 20 ಡಿಗ್ರಿಗಿಂತ ತಣ್ಣಗಿರುವ ಮೇಲ್ಮೈಯ ಮೇಲೆಲ್ಲ ಹನಿ ಕಟ್ಟುತ್ತದೆ. ಬೆಳಗಾವಿಯ ಜನವರಿಯ ರಾತ್ರಿ 14 ಡಿಗ್ರಿ ಎಂದುಕೊಳ್ಳಿ. ಒಂಟಿ ಗಾಜಿನ ಒಳಮೈ ಆಗ ಸುಮಾರು 18 ಡಿಗ್ರಿ ಇರುತ್ತದೆ, ಬೆಳಗಿನವರೆಗೆ ತೊಟ್ಟಿಕ್ಕುತ್ತದೆ. ಜೋಡಿ ಗಾಜಾದರೆ ಒಳಮೈ 23ರ ಮೇಲೆ ಉಳಿದು ಒಣಗಿರುತ್ತದೆ. ಆ ಹನಿಯಲ್ಲಿ ಬರೀ ನೀರಿಲ್ಲ. ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್ ಇರುತ್ತದೆ. ಈಜುಕೊಳದ ಘಾಟು ವಾಸನೆ ಅದೇ. ಅದು ಉಕ್ಕನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬಲ್ಲಿ 1985ರ ಮೇ ತಿಂಗಳಲ್ಲಿ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಛಾವಣಿ ಕುಸಿದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಸ್ಟೇನ್‌ಲೆಸ್ ಸರಳುಗಳು ಕಣ್ಣಿಗೆ ಕಾಣದಂತೆ ಒಳಗೇ ಬಿರಿದಿದ್ದವು. ಆದ್ದರಿಂದ ಕೊಳದ ಮೇಲೆ ಒಳಛಾವಣಿ ಬೇಡ. ಟ್ರಸ್ಸಿನ ಪ್ರತಿ ಬೋಲ್ಟೂ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಬೀಳುವಂತಿರಲಿ. ಬೆಳಕು ತಪಾಸಣೆಯ ಉಪಕರಣವೂ ಹೌದು.

ಗಾಜಿನ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಒಡೆದರೆ ಕಾಳುಕಾಳಾಗುವ ಟಫನ್ಡ್ ಗಾಜು ರಸ್ತೆಯ ಮೇಲೆ ಸುರಕ್ಷಿತ, ಕೊಳದ ಮೇಲೆ ಅಲ್ಲ. ನೀರಿನಲ್ಲಿ ಬಿದ್ದ ಗಾಜಿನ ಕಾಳು ಕಣ್ಣಿಗೆ ಕಾಣುವುದೇ ಇಲ್ಲ. ಕೊಳ ಪೂರ್ತಿ ಖಾಲಿ ಮಾಡಿ ಗುಡಿಸಬೇಕಾಗುತ್ತದೆ. ನಡುವೆ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಒಡೆದರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ. ಪಾಲಿಕಾರ್ಬೊನೇಟ್ ಶೀಟು ಅಗ್ಗ, ಒಡೆಯುವುದಿಲ್ಲ, ಆದರೆ ವರ್ಷ ಕಳೆದಂತೆ ಹಳದಿ ತಿರುಗಿ ಬೆಳಕು ಕುಗ್ಗಿಸುತ್ತದೆ.

ಬಿಸಿಲು ಕ್ಲೋರಿನ್ನಿನ ವೈರಿ. ಬಯಲು ಕೊಳದಲ್ಲಿ ತಡೆಯುವ ರಾಸಾಯನಿಕ ಹಾಕದಿದ್ದರೆ ಸುಡುಬಿಸಿಲಿನಲ್ಲಿ ಒಂದು ತಾಸಿನೊಳಗೆ ಅರ್ಧ ಕ್ಲೋರಿನ್ ಹೋಗಿಬಿಡುತ್ತದೆ. ಅದಕ್ಕೆ ಕಾರಣ ಬಿಸಿಲಿನ ಅತಿನೇರಳೆ ಕಿರಣ. ಲ್ಯಾಮಿನೇಟೆಡ್ ಗಾಜೂ ಪಾಲಿಕಾರ್ಬೊನೇಟೂ ಅದನ್ನು ಬಹುಮಟ್ಟಿಗೆ ತಡೆಯುತ್ತವೆ. ಬೀಜಿಂಗಿನ ಇಟಿಎಫ್‌ಇ ಹಾಳೆ ತಡೆಯುವುದಿಲ್ಲ. ಹೊಸದೆಂದು ಹಾಳೆ ತರಿಸುವವರು ಔಷಧಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ

ನಮ್ಮ ಸಾರ್ವಜನಿಕ ಕಟ್ಟಡಗಳು ಕೆಡುವುದು ಬಹಳ ಸಲ ಕಟ್ಟುವಾಗ ಅಲ್ಲ, ಟೆಂಡರ್ ಕಾಗದ ಬರೆಯುವಾಗ. ಟೈಲ್ಸಿನ ದಪ್ಪ, ಪಂಪಿನ ಕುದುರೆಶಕ್ತಿ, ಬಣ್ಣದ ಕೋಟುಗಳ ಸಂಖ್ಯೆ ಅದರಲ್ಲಿರುತ್ತವೆ. ಬೆಳಕು ಎಂಬ ಸಾಲು ಇರುವುದಿಲ್ಲ, ಇದ್ದರೂ ದೀಪದ ವ್ಯಾಟು ಬರೆದಿರುತ್ತಾರೆ. ಮಹಾಂತೇಶ ನಗರದಲ್ಲಾಗಲಿ, ಖಾನಾಪುರದಲ್ಲಾಗಲಿ ಮಾಡು ಹೊದ್ದ ಈಜುಕೊಳದ ಮಾತು ಎದ್ದ ದಿನ ನಾಗರಿಕರಾದ ನೀವು ಮೂರು ಕಾಗದ ಕೇಳಿ. ಒಂದು, ಜೂನ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳ ಬೆಳಿಗ್ಗೆ ಎಂಟು, ನಡುಹಗಲು, ಸಂಜೆ ಐದಕ್ಕೆ ನೀರಿನ ಮೇಲೆ ಎಷ್ಟು ಲಕ್ಸ್ ಇರುತ್ತದೆ ಎಂಬ ಲೆಕ್ಕ. ಎರಡು, ಲೈಫ್‌ಗಾರ್ಡ್ ಕುರ್ಚಿಯಿಂದ ಕೊಳದ ಪ್ರತಿ ಮೂಲೆಯ ತಳಕ್ಕೆ ಎಳೆದ ದೃಷ್ಟಿರೇಖೆ ಮತ್ತು ಆ ರೇಖೆ ನೀರಿನಿಂದ ಪ್ರತಿಫಲಿಸಿ ತಾಗುವ ಗೋಡೆಯ ನಕ್ಷೆ. ಮೂರು, ಗಾಜು ಒರೆಸುವ ಆಳು ನೀರಿನ ಮೇಲೆ ಏಣಿ ಇಡದೆ ಅಲ್ಲಿಗೆ ಹೋಗುವ ದಾರಿ, ಮತ್ತು ಅವನ ಕೂಲಿಗೆ ವರ್ಷಾವರ್ಷ ತೆಗೆದಿಟ್ಟ ಹಣ.

ಈ ಮೂರಕ್ಕೂ ಕೋಟಿ ರೂಪಾಯಿ ಬೇಡ. ಮೊದಲೆರಡನ್ನು ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ ಎರಡು ವಾರದಲ್ಲಿ ಮಾಡಿಕೊಡಬಲ್ಲರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ಊರಿನಲ್ಲೇ ಇದೆ. ಓದಿದ್ದನ್ನು ಊರಿಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು. ಈ ಕಾಗದಗಳಿಲ್ಲದ ನಕ್ಷೆಗೆ ಒಪ್ಪಿಗೆ ಕೊಡಬೇಡಿ ಎಂದು ಪಾಲಿಕೆಗೆ, ಶಾಸಕರಿಗೆ ಅರ್ಜಿ ಬರೆಯಿರಿ. ಅರ್ಜಿಯ ಕರಡನ್ನು ಬರೆದುಕೊಡಲು ನಾನು ಸಿದ್ಧ.